ಟ್ಯೂಬ್‌ಲೈಟಿನ ಕೆಳಗಿನ ಪಿಚರ್

ಧಪ್. ಒಂದು ಉಸಿರಿನಷ್ಟು ಬಿಡುವು. ಮತ್ತೆ ಧಪ್.

ಬೊರಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ನನ್ನ ತಲೆಯ ಮೇಲಿನ ಫ್ಲಾಟಿಗೆ ಹೊಸದಾಗಿ ಬಂದಿರುವ ಗೃಹಿಣಿ ದಿನವೂ ಸಂಜೆ ನಾಲ್ಕಕ್ಕೆ ಬಾಲ್ಕನಿಯ ಕಂಬಿಗೆ ರಜಾಯಿ ಹೊದಿಸಿ ಬಡಿಯುತ್ತಾಳೆ. ಅದರ ಧೂಳು ಯಾವ ಪಕ್ಷಪಾತವೂ ಇಲ್ಲದೆ ನನ್ನ ಒಣಹಾಕಿದ ಸೀರೆಯ ಮೇಲೂ, ತೆರೆದಿಟ್ಟ ಪುಸ್ತಕದ ಮೇಲೂ, ಆಗತಾನೇ ಸೋಸಿದ ಚಹಾದ ಮೇಲೂ ಇಳಿಯುತ್ತದೆ. ಹೋಗಿ ಎರಡು ಮಾತು ಹೇಳಿ ಬರಬೇಕೆಂದು ಈ ತಿಂಗಳಲ್ಲಿ ಮೂರು ಸಲ ಚಪ್ಪಲಿ ಮೆಟ್ಟಿದ್ದೇನೆ. ಮೂರೂ ಸಲ ಆ ಸದ್ದೇ ನನ್ನನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿದೆ. ಅದು ನನಗೆ ಹಳೆಯ ಪರಿಚಯದ ಸದ್ದು. ಎಂಟು ವರ್ಷಗಳ ಹಿಂದೆ ಕಾಂದಿವಲಿಯ ಒಂದು ಚಾಳಿನ ಮೆಟ್ಟಿಲು ಹತ್ತುವಾಗ ಅದನ್ನು ಮೊದಲು ಕೇಳಿದೆ, ಮತ್ತು ಅದರ ಮೂಲ ತಿಳಿದ ಮೇಲೆ ನನ್ನ ಗುರುಪದವಿಯ ಧೂಳು ಸಾಕಷ್ಟು ಉದುರಿಹೋಯಿತು.

ಗುರು ಎಂದರೆ ಇಂಗ್ಲಿಷಿಗೆ ಗುರು. ವ್ಯಾಕರಣ, ಕಾಂಪೊಸಿಷನ್, ಪೊಯೆಟ್ರಿ, ಇಷ್ಟು ನನ್ನ ಸಾಮ್ರಾಜ್ಯ. ಆದರೆ ಆ ವರ್ಷ ನಮ್ಮ ಸ್ಕೂಲಿನ ಪಿ.ಟಿ. ಸರ್ ನೌಕರಿ ಬಿಟ್ಟರು, ಹುಡುಗಿಯರ ಸಾಫ್ಟ್‌ಬಾಲ್ ತಂಡ ಅನಾಥವಾಯಿತು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಮಂಡಿಗೆ ದಿನಾ ಬಾಮ್ ಸವರಿಕೊಳ್ಳುತ್ತಿದ್ದ ನನ್ನನ್ನು ಪ್ರಿನ್ಸಿಪಾಲರು ಅದರ ಪಾಲಕಿಯನ್ನಾಗಿ ಆರಿಸಿದರು. ಬೆಳಗಾವಿಯ ಕಾನ್ವೆಂಟಿನವರು ಕೊಟ್ಟ ನನ್ನ ಸರ್ಟಿಫಿಕೇಟಿನಲ್ಲಿ ‘ಗೇಮ್ಸ್: ಗುಡ್’ ಎಂದಿತ್ತು, ಅದೇ ಅವರಿಗೆ ಆಧಾರ. ಆ ಗುಡ್ ನನಗೆ ದಕ್ಕಿದ್ದು ಥ್ರೋಬಾಲ್ ಆಡುವಾಗ ಯಾರಿಗೂ ಗಾಯ ಮಾಡದ್ದಕ್ಕೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಆ ಕಾನ್ವೆಂಟಿನ ಸಿಸ್ಟರ್ ಫಿಲೋಮಿನಾ ಅವರ ಕ್ರೀಡಾತತ್ತ್ವವೆಲ್ಲ ಒಂದೇ ವಾಕ್ಯದಲ್ಲಿ ಅಡಗಿತ್ತು: “ಎಲ್ಬೋಸ್ ಇನ್, ಗರ್ಲ್ಸ್!” ಮೊಣಕೈ ಮೈಗಂಟಿರಬೇಕು, ಧ್ವನಿ ಗಂಟಲಿಗಂಟಿರಬೇಕು, ಯಾರಿಗಾದರೂ ಭುಜ ತಾಗಿದರೆ ತಾಗಿಸಿಕೊಂಡವಳೇ ಮೊದಲು ಸಾರಿ ಹೇಳಬೇಕು. ಈ ವಿದ್ಯಾಸಂಪತ್ತನ್ನು ಹೊತ್ತು ನಾನು ಫಾಸ್ಟ್‌ಪಿಚ್ ಕಲಿಸಲು ಮೈದಾನಕ್ಕಿಳಿದೆ.

ಫಾಸ್ಟ್‌ಪಿಚ್ ಎಂದರೆ ಇಷ್ಟೇ. ನಡುವೆ ನಿಂತ ಪಿಚರ್ ಹುಡುಗಿ ಚೆಂಡು ಹಿಡಿದ ಕೈಯನ್ನು ಜಾತ್ರೆಯ ಜಯಂಟ್ ವೀಲಿನಂತೆ ತಲೆಯ ಮೇಲಿಂದ ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಹತ್ತಿರ ಮಣಿಕಟ್ಟನ್ನು ಛಟ್ಟನೆ ಒದರಿ, ಚೆಂಡನ್ನು ಕೆಳಗಿನಿಂದ ಬೀಸಿ ಬಿಡಬೇಕು. ನಾಲ್ಕು ಚೆಂಡು ದಾರಿ ತಪ್ಪಿದರೆ ಬ್ಯಾಟು ಹಿಡಿದವಳಿಗೆ ಮೊದಲ ಬೇಸು, ಅಂದರೆ ಓಟದ ಮೊದಲ ನಿಲ್ದಾಣ, ಪುಕ್ಕಟೆ. ಇದನ್ನೆಲ್ಲ ನಾನು ಫೋನಿನ ವಿಡಿಯೋಗಳಲ್ಲಿ ನೋಡಿ, ಅಡಿಗೆಮನೆಯಲ್ಲಿ ಬಟಾಟೆ ಹಿಡಿದು ಅಭ್ಯಾಸ ಮಾಡಿ, ಮರುದಿನ ಹುಡುಗಿಯರಿಗೆ ಹುಟ್ಟಿನಿಂದಲೇ ಬಲ್ಲವಳಂತೆ ಬೋಧಿಸುತ್ತಿದ್ದೆ. ಆಮೇಲೆ ಆ ಬಟಾಟೆಗಳು ಪಲ್ಯವಾದವು, ಸ್ವಲ್ಪ ಮೊದಲೇ ಜಜ್ಜಿದ ಪಲ್ಯ.

ಕಲಿಸಲು ಕಷ್ಟವಾದದ್ದು ಕೈಯಲ್ಲ, ನಾಲಗೆ. ಚೆಂಡು ಎಡಕ್ಕೆ ಹೋದರೆ “ಸಾರಿ ಮಿಸ್”, ಬಲಕ್ಕೆ ಹೋದರೆ “ಸಾರಿ ಯಾರ್”, ನೆಟ್ಟಗೆ ಹೋಗಿ ಕ್ಯಾಚರ್‌ಗೆ ಜೋರಾಗಿ ಬಡಿದರೆ ಅದಕ್ಕೂ ಸಾರಿ. ಹದಿಮೂರು ಹದಿನಾಲ್ಕರ ಆ ಹುಡುಗಿಯರು ಭೂಮಿಯ ಮೇಲೆ ಜಾಗ ಆಕ್ರಮಿಸಿಕೊಂಡದ್ದಕ್ಕೇ ಕ್ಷಮೆ ಕೇಳುತ್ತಿದ್ದಾರೇನೋ ಎನಿಸುತ್ತಿತ್ತು. ಸಿಸ್ಟರ್ ಫಿಲೋಮಿನಾ ಕಂಡಿದ್ದರೆ ಆನಂದಬಾಷ್ಪ ಸುರಿಸುತ್ತಿದ್ದರು. ಕೊನೆಗೆ ನಾನೊಂದು ಕಾನೂನು ತಂದೆ. ಸಾರಿ ಎಂದವಳು ಮೈದಾನಕ್ಕೆ ಒಂದು ರೌಂಡ್ ಓಡಬೇಕು. ಮೊದಲ ದಿನ ಅತಿ ಹೆಚ್ಚು ರೌಂಡ್ ಓಡಿದವಳು ರೇಣುಕಾ. ಓಡಿ ಬಂದು ಏದುಸಿರು ಬಿಡುತ್ತ ಹೇಳಿದಳು: “ಮಿಸ್, ಅಬ್ ನಹೀ ಬೋಲೂಂಗಿ, ಸಾರಿ!” ಇನ್ನು ಅನ್ನುವುದಿಲ್ಲ ಎಂಬುದಕ್ಕೂ ಸಾರಿ. ಮತ್ತೆ ಓಡಿದಳು.

ಅವಳದು ವಿಜಯಪುರದ ಕಡೆಯ ಮನೆತನ. ತಂದೆ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಯಾವುದೋ ಕಾರ್ಖಾನೆಯಲ್ಲಿ, ತಾಯಿ ಶಾಂತವ್ವ ಮನೆಯಲ್ಲೇ ಟಿಫಿನ್‌ನವರಿಗೆ ಚಪಾತಿ ಲಟ್ಟಿಸುವಾಕೆ. ಹುಡುಗಿ ಸಣ್ಣ ಮೈಯವಳು, ಮಾತಿನಲ್ಲಿ ಮೂರು ಭಾಷೆ, ಕಣ್ಣಿನಲ್ಲಿ ಚೆಂಡೊಂದೇ. ಆದರೆ ಅವಳ ಕೈ ಸುತ್ತುತ್ತಿರಲಿಲ್ಲ. ಹಿಂದಕ್ಕೆ ಹೋಗಿ, ಭುಜದ ಮಟ್ಟಕ್ಕೇರಿ, ಅಲ್ಲಿ ಏನೋ ಅಡ್ಡ ಬಂದಂತೆ ತಟ್ಟನೆ ನಿಂತು ಹಾಗೇ ಮರಳಿಬಿಡುತ್ತಿತ್ತು. “ಪೂರಾ ತಿರುಗಿಸು! ಫುಲ್ ಸರ್ಕಲ್!” ಎಂದು ನಾನು ಮೂರು ತಿಂಗಳು ಕೂಗಿದೆ. ಅವಳು ತಲೆಯಾಡಿಸುತ್ತಿದ್ದಳು, ಕೈ ಅಲ್ಲೇ ನಿಲ್ಲುತ್ತಿತ್ತು. ಭಯ, ಇದು ಶುದ್ಧ ಭಯ, ಲ್ಯಾಕ್ ಆಫ್ ಕಾನ್ಫಿಡೆನ್ಸ್ ಎಂದು ನಾನು ರಿಪೋರ್ಟ್ ಕಾರ್ಡಿನ ಭಾಷೆಯಲ್ಲಿ ತೀರ್ಮಾನಿಸಿದೆ. ಇಂಟರ್‌ಸ್ಕೂಲ್ ಪಂದ್ಯಕ್ಕೆ ಹತ್ತು ದಿನವಿದ್ದಾಗ ಪಿಚರ್ ಜಾಗಕ್ಕೆ ತನ್ವಿ ಎಂಬ ಉದ್ದನೆಯ ಹುಡುಗಿಯ ಹೆಸರು ಬರೆದು, ರೇಣುಕಾಳನ್ನು ಚೆಂಡು ಅತಿಥಿಯಂತೆ ಅಪರೂಪಕ್ಕೆ ಬರುವ ಮೈದಾನದ ಬಲಮೂಲೆಗೆ ಕಳಿಸಿದೆ. ಅವಳು ಮರುದಿನದಿಂದ ಪ್ರಾಕ್ಟೀಸಿಗೆ ಬರುವುದನ್ನು ಬಿಟ್ಟಳು.

ನಾಲ್ಕನೆಯ ದಿನ ನಾನು ಅವರ ಚಾಳಿಗೆ ಹೋದೆ. ನಮ್ಮಲ್ಲಿದ್ದ ಮೂರು ಒಳ್ಳೆಯ ಚೆಂಡುಗಳಲ್ಲಿ ಒಂದು ಅವಳ ಬಳಿ ಉಳಿದಿತ್ತು. ಅದನ್ನು ತರಲು ಹೋಗುತ್ತಿದ್ದೇನೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಮೆಟ್ಟಿಲಲ್ಲೇ ಆ ಸದ್ದು. ಧಪ್. ಮೇಲೇರಿ ನೋಡಿದರೆ ಉದ್ದನೆಯ ಗ್ಯಾಲರಿಯ ಈ ತುದಿಯಲ್ಲಿ ರೇಣುಕಾ. ಆ ತುದಿಯಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ, ತುಂಡು ಬಟ್ಟೆ ಹೊಲಿದ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಎದೆಗೆ ಹಿಡಿದು ಕುಳಿತ ಶಾಂತವ್ವ. ಮುಂಗೈಯ ಮೇಲೆ ಇನ್ನೂ ಹಿಟ್ಟು.

“ಅಲ್ಲೇ ನಿಂದರ್ರಿ ಬಾಯಾರ, ಚೆಂಡ್ ಬಡದ್ರ ನಂದ ಹೆಸರ ಕೆಡ್ತೈತಿ!” ಎಂದಳು.

ನಾನು ಗೋಡೆಗಂಟಿ ನಿಂತೆ. ನನ್ನ ಮುಖದಲ್ಲಿ ಪ್ರಶ್ನೆ ಕಂಡಿರಬೇಕು, ಆಕೆಯೇ ಮುಂದುವರಿಸಿದಳು. “ಇಕಿ ಕೈ ಪೂರಾ ತಿರಗೂದಿಲ್ಲ ಅಂತ ನೀವು ಬೈತೀರಂತ. ಎಲ್ಲಿ ತಿರಗಬೇಕ್ರಿ? ಮ್ಯಾಲ ನೋಡ್ರಿ.”

ನೋಡಿದೆ. ಹುಡುಗಿಯ ತಲೆಯ ಮೇಲೆ, ಕೈ ಎತ್ತಿದರೆ ತಾಗುವಷ್ಟು ಕೆಳಗೆ, ಇಡೀ ಮಾಳಿಗೆಯ ಒಗೆದ ಬಟ್ಟೆ ಹೊತ್ತ ಬಿದಿರಿನ ಗಳುಗಳು. ಅವುಗಳ ನಡುವೆ ಒಂದು ಟ್ಯೂಬ್‌ಲೈಟು.

“ಎರಡ ಸಲ ಒಡದಾಳ್ರಿ. ಬಾಜೂ ಮನಿ ಶಿಂದೆ ತಾಯಿ ಅಂತೂ, ನಿನ್ನ ಮಗಳು ಚೆಂಡ್ ಆಡ್ತಾಳೋ ಲೈಟ್ ಆಡ್ತಾಳೋ ಅಂತ ಕೇಳ್ತಾಳ. ಅದಕ್ಕ ನಾನ ಹೇಳೀನಿ, ಕೈ ಅಷ್ಟಕ್ಕ ನಿಲ್ಲಸವಾ, ಜೋರ್ ಮಾತ್ರ ಕಡಿಮಿ ಮಾಡಬ್ಯಾಡ.”

ಮೂರು ತಿಂಗಳು ನಾನು ಭಯ ಎಂದು ಕರೆದದ್ದು ಒಂದು ಟ್ಯೂಬ್‌ಲೈಟಿನ ಎತ್ತರವಾಗಿತ್ತು. “ನನಗ್ಯಾಕೆ ಹೇಳಲಿಲ್ಲ?” ಎಂದು ರೇಣುಕಾಳನ್ನು ಕೇಳಿದೆ. ಅವಳು ಚೆಂಡನ್ನು ಎರಡೂ ಕೈಯಲ್ಲಿ ಉರುಳಿಸುತ್ತ, “ಆಪ್ ಪೂಛೇ ನಹೀ, ಮಿಸ್,” ಎಂದಳು. ನಿಜ, ನಾನು ಕೇಳಿರಲೇ ಇಲ್ಲ. ಸರಿಯಾದ ಉತ್ತರ, ಹತ್ತಕ್ಕೆ ಹತ್ತು. ಸಾರಿ ಎನ್ನಬೇಕೆಂದು ಬಾಯಿ ತೆರೆದೆ, ನನ್ನ ಕಾನೂನು ನೆನಪಾಗಿ ಶಾಂತವ್ವ ಕೊಟ್ಟ ಚಹಾದ ಲೋಟಕ್ಕೆ ಬಾಯಿ ಹಚ್ಚಿದೆ.

ಚೆಂಡನ್ನು ಅಲ್ಲೇ ಬಿಟ್ಟು ಬಂದೆ. ಹುಡುಗಿ ಮರಳಿದಳು, ತನ್ವಿ ಆ ಜಾಗವನ್ನು ನಿಟ್ಟುಸಿರಿನ ಸಂತೋಷದಿಂದ ಬಿಟ್ಟುಕೊಟ್ಟಳು. ಉಳಿದ ದಿನಗಳಲ್ಲಿ ಆಕಾಶವೇ ಸೂರಾಗಿದ್ದ ಮೈದಾನದಲ್ಲಿ ರೇಣುಕಾಳ ಕೈ ಪೂರ್ತಿ ಸುತ್ತು ಕಲಿತುಕೊಂಡಿತು. ನೋಡಲು ಬಲು ಸೊಗಸು, ಥೇಟ್ ವಿಡಿಯೋದಂತೆ. ಆ ಸೊಗಸಿನಲ್ಲಿ ಮೈಮರೆತು ನಾನು ಮತ್ತೊಮ್ಮೆ ತಪ್ಪು ಮಾಡಿದ್ದು ನನಗೆ ತಿಳಿದದ್ದು ಪಂದ್ಯದ ದಿನ.

ಪಂದ್ಯ ದಾದರ್ ಕಡೆಯ ಒಂದು ಮೈದಾನದಲ್ಲಿ. ಶಾಂತವ್ವ ಬೆಳಿಗ್ಗೆ ನಾಲ್ಕಕ್ಕೇ ಎದ್ದು ಚಪಾತಿ ಮುಗಿಸಿ, ಅದೇ ಕೌದಿಯನ್ನು ಕೂರಲೆಂದು ಕಂಕುಳಲ್ಲಿಟ್ಟುಕೊಂಡು ಬಂದಿದ್ದಳು. ರೇಣುಕಾಳ ಕೈ ಸುತ್ತಿತು, ಚೆಂಡು ಕ್ಯಾಚರ್‌ಳ ತಲೆಯ ಮೇಲಿಂದ ಹಾರಿತು. ಮತ್ತೆ, ಮತ್ತೆ. ಎದುರು ತಂಡದ ಇಬ್ಬರು ಪುಕ್ಕಟೆಯಾಗಿ ಬೇಸು ಸೇರಿದರು. ಮೂರನೆಯವಳು ಬ್ಯಾಟು ಹಿಡಿದು ಬರುವಾಗ ರೇಣುಕಾ ನನ್ನತ್ತ ತಿರುಗಿದಳು, ತುಟಿ ಅಲುಗಿತು. ಯಾವ ಶಬ್ದವೆಂದು ನನಗೆ ದೂರದಿಂದಲೇ ಗೊತ್ತಾಯಿತು. ಈ ಒಂದು ಓವರಿನ ಅವಮಾನ ಅವಳನ್ನು ಬಲಮೂಲೆಗಿಂತ ದೂರ ಕಳಿಸೀತು ಎಂದು ಹೆದರಿ (ಓವರು ಎನ್ನುವುದು ಕ್ರಿಕೆಟ್ಟಿನ ಮಾತು ಎಂದು ನೀವು ತಿದ್ದುವ ಮೊದಲೇ ಒಪ್ಪಿಕೊಳ್ಳುತ್ತೇನೆ), ಅವಳನ್ನು ಹೊರಗೆ ಕರೆಯಲು ಎದ್ದು ನಿಂತೆ.

ಹಿಂದಿನಿಂದ ಶಾಂತವ್ವನ ಕಂಠ ಇಡೀ ಮೈದಾನಕ್ಕೆ ಕೇಳುವಂತೆ ಮೊಳಗಿತು: “ರೇಣೂ! ತಲಿ ಮ್ಯಾಲ ಟ್ಯೂಬ್‌ಲೈಟ್ ಐತಿ ಅಂತ ತಿಳ್ಕೊ! ಒಡದಿ ಅಂದ್ರ ನೋಡ್ ಮತ್ತ!”

ರೇಣುಕಾ ನಕ್ಕಳು. ಒಮ್ಮೆ ತಲೆಯೆತ್ತಿ ಖಾಲಿ ಆಕಾಶವನ್ನು ಪರೀಕ್ಷಿಸಿದಳು. ಕೈ ಹಿಂದಕ್ಕೆ ಹೋಗಿ, ಭುಜದ ಮಟ್ಟಕ್ಕೇರಿ, ಅಲ್ಲಿ ನಿಂತು ಮರಳಿತು. ದೊಡ್ಡ ಸುತ್ತಿಗಾಗಿ ಕಾಯುತ್ತಿದ್ದ ಎದುರಾಳಿ ಬ್ಯಾಟು ಎತ್ತುವಷ್ಟರಲ್ಲಿ ಚೆಂಡು ಕ್ಯಾಚರ್‌ಳ ಗ್ಲೌಸಿನಲ್ಲಿತ್ತು. ಹೀಗೇ ಮೂರು ಚೆಂಡು ತಪ್ಪಿ ಅವಳು ಔಟಾದಳು, ಮುಂದಿನವಳೂ ಔಟಾದಳು, ಅದರ ಮುಂದಿನವಳು ಅಂಪೈರನ್ನೇ ದುರುಗುಟ್ಟಿ ನೋಡುತ್ತ ಹೋದಳು. ಹೀಗೆ ಅರ್ಧ ಕೈಯಿಂದ ಎಸೆಯುವ ಪದ್ಧತಿಗೂ ಒಂದು ಹೆಸರಿದೆ, ಹಿಂದೆ ಅನೇಕರು ಹಾಗೇ ಎಸೆಯುತ್ತಿದ್ದರು ಎಂದು ನನಗೆ ಆಮೇಲೆ ಇನ್ನೊಂದು ವಿಡಿಯೋ ತಿಳಿಸಿತು. ಶಾಂತವ್ವನಿಗೆ ಅದನ್ನು ಯಾವ ವಿಡಿಯೋವೂ ತಿಳಿಸಿರಲಿಲ್ಲ. ಕಾನ್ಫಿಡೆನ್ಸ್ ಎಂಬುದನ್ನು ನಾನು ಮೇಲಿನಿಂದ ಹುಡುಗಿಯರೊಳಗೆ ಸುರಿಯಬೇಕಾದ ದ್ರವ್ಯವೆಂದು ಭಾವಿಸಿದ್ದೆ. ಅದು ಅವಳಲ್ಲಿ ಮೊದಲೇ ಇತ್ತು, ಗ್ಯಾಲರಿಯ ಅಳತೆಗೆ ಹೊಲಿಸಿಕೊಂಡಿತ್ತು, ಅಷ್ಟೇ.

ಪಂದ್ಯ ಸೋತೆವು, ಒಂದೇ ರನ್ನಿನಿಂದ, ಮತ್ತು ನನ್ನಿಂದ. ಕೊನೆಯಲ್ಲಿ ನಿಲ್ಲು ಎನ್ನಬೇಕಾದ ಕಡೆ ನಾನು ಓಡು ಎಂದು ಕಿರುಚಿದ್ದಕ್ಕೆ ನಮ್ಮ ಹುಡುಗಿ ಔಟಾದಳು. ತಂಡವನ್ನು ಸುತ್ತ ಸೇರಿಸಿ “ಸಾರಿ, ಗರ್ಲ್ಸ್” ಎಂದೆ. ಆಮೇಲೆ ರೇಣುಕಾ, ಬಹಳ ವಿನಯದಿಂದ: “ಮಿಸ್... ರೌಂಡ್.” ಐವತ್ತಾರರ ವಯಸ್ಸಿನಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು ನಾನು ಆ ಮೈದಾನಕ್ಕೆ ಒಂದು ಸುತ್ತು ಹಾಕಿದೆ. ಶಾಂತವ್ವ ಕೌದಿಯ ಮೇಲೆ ಕುಳಿತು ಚಪ್ಪಾಳೆ ತಟ್ಟಿದಳು.

ಮೇಲಿನ ಮನೆಯವಳಿಗೆ ದೂರು ಹೇಳುವುದು ಹೀಗೆ ಮುಂದಕ್ಕೆ ಹೋಗುತ್ತಲೇ ಇದೆ. ಈಗ ನಾಲ್ಕಕ್ಕೆ ಮೊದಲೇ ಚಹಾಕ್ಕೆ ತಟ್ಟೆ ಮುಚ್ಚಿಡುವುದನ್ನು ಕಲಿತಿದ್ದೇನೆ. ರೇಣುಕಾಳನ್ನು ಕೊನೆಯ ಸಲ ಕಂಡದ್ದು ಕಳೆದ ವರ್ಷ, ಬೊರಿವಲಿ ಸ್ಟೇಷನ್ನಿನಲ್ಲಿ. ನಾನು ತರಕಾರಿಯ ಚೀಲ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ. ಹೊರಡುತ್ತಿದ್ದ ಲೋಕಲ್‌ನ ಲೇಡೀಸ್ ಡಬ್ಬಿಯ ಬಾಗಿಲಲ್ಲಿ, ಕೊರಳಿಗೆ ಯಾವುದೋ ಆಫೀಸಿನ ಕಾರ್ಡು ತೂಗಿಸಿಕೊಂಡು ಅವಳು. “ಮಿಸ್!” ಎಂದು ಕೂಗಿ, ಆ ನೂಕುನುಗ್ಗಲಿನಲ್ಲೇ ಕೈಯನ್ನು ಭುಜದವರೆಗೆ ಒಯ್ದು, ಮಣಿಕಟ್ಟು ಒದರಿ, ಇಲ್ಲದ ಚೆಂಡೊಂದನ್ನು ನನ್ನತ್ತ ಎಸೆದಳು. ಪಕ್ಕದವಳಿಗೆ ಅವಳ ಮೊಣಕೈ ತಾಗಿತು. ರೇಣುಕಾ ಅತ್ತ ತಿರುಗಲೂ ಇಲ್ಲ. ನಾನು ಹಿಡಿಯಲೆಂದು ಎರಡೂ ಕೈ ಮುಂದೆ ಚಾಚಿದೆ, ಚೀಲ ಜಾರಿ ಹಿಂದಿದ್ದ ಹೆಂಗಸಿನ ಕಾಲ ಮೇಲೆ ಬಿತ್ತು, ಬಟಾಟೆಗಳು ಉರುಳಿದವು, ನನ್ನ ಬಾಯಿಂದ ತಾನಾಗಿಯೇ “ಸಾರಿ, ಸಾರಿ” ಎಂದು ಬಂತು.

ದೂರ ಸರಿಯುತ್ತಿದ್ದ ಬಾಗಿಲಿನಿಂದ ಅವಳು ನನ್ನ ತುಟಿ ಓದಿದಳು. ತೋರುಬೆರಳೆತ್ತಿ ಗಾಳಿಯಲ್ಲಿ ದುಂಡಗೆ ಒಂದು ಸುತ್ತು ಎಳೆದಳು. ಮತ್ತೆ ಯೋಚಿಸಿ ಇನ್ನೊಂದು.

ಲೋಕಲ್ ಹೋದ ಮೇಲೆ ನಾನು ಬಟಾಟೆ ಆರಿಸಿಕೊಂಡು, ಪ್ಲಾಟ್‌ಫಾರ್ಮಿನ ಆ ತುದಿಯವರೆಗೆ ನಡೆದು ಹೋಗಿ ಬಂದೆ. ಎರಡು ಸಲ.