ತುದಿ ಮುಟ್ಟಿ ನೋಡುವ ಗಾಜಕ್ಕ

ಎರಡನೇ ನೀರು ಮುಗಿದಿದೆ, ಮೂರನೆಯದು ಬಾಕಿ. ಹಬೆಯಲ್ಲಿ ಬೆಂದು ಬಂದ ಗಾಜಿನ ನಳಿಕೆಗಳು ತೊಟ್ಟಿಯಲ್ಲಿ ಒಂದಕ್ಕೊಂದು ತಾಗಿ ಕಿಣಿಗುಡುತ್ತಿವೆ. ಗಾಜಕ್ಕ ಒಂದನ್ನು ಎತ್ತಿ ಕಿಟಕಿಯತ್ತ ಹಿಡಿಯುತ್ತಾರೆ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಣ್ಣನ್ನು ನಂಬದೆ, ತೆಳು ಕೈಗವಸು ತೊಟ್ಟ ಕಿರುಬೆರಳನ್ನು ನಳಿಕೆಯೊಳಗೆ ತೂರಿಸಿ ಒಂದು ಸುತ್ತು ತಿರುಗಿಸುತ್ತಾರೆ. ಜಾರಿದರೆ ವಾಪಸ್ಸು ತೊಟ್ಟಿಗೆ. ಕಿರ್ ಎಂದರೆ ಜಾಲರಿಗೆ.

"ಚೊಕ್ಕಟವಾದ ಗಾಜು ಮಾತಾಡುತ್ತೆ. ಒಳಗೆ ಕೊಳೆ ಇದ್ರೆ ಗಪ್‌ಚಿಪ್. ನಮ್ಮ ಜನ ಇದಕ್ಕೆ ಉಲ್ಟಾ ನೋಡಿ" ಎಂದು ನಗುತ್ತಾರೆ.

ಈ ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಅವರು ಗಾಜು ತೊಳೆಯಲು ನಿಂತು ಇಪ್ಪತ್ತೆರಡು ವರ್ಷವಾಯಿತು. ದಿನಕ್ಕೆ ಆರುನೂರು ನಳಿಕೆ, ಎಪ್ಪತ್ತು ಎಂಬತ್ತು ಕುಪ್ಪಿ, ಲೆಕ್ಕವಿಡಲಾಗದಷ್ಟು ಮುಚ್ಚಳ. ತಿಂಗಳಿಗೆ ಮೂರಕ್ಕಿಂತ ಹೆಚ್ಚು ಒಡೆದರೆ ಯಾರೂ ಕೇಳದಿದ್ದರೂ ಅವರ ಮುಖ ಗಂಟಾಗುತ್ತದೆ. ಗಂಡ ತೀರಿಕೊಂಡ ವರ್ಷ ಕಸ ಗುಡಿಸುವ ಕೆಲಸಕ್ಕೆಂದು ಬಂದವರು. ತೊಳೆಯುವಾಕೆ ಬಾಣಂತನಕ್ಕೆ ಹೋದಾಗ ಎರಡು ತಿಂಗಳಿಗೆಂದು ಇಲ್ಲಿ ನಿಲ್ಲಿಸಿದರು. ಆಕೆ ಮರಳಲಿಲ್ಲ, ಇವರು ಕದಲಲಿಲ್ಲ. ಚಳಿಗಾಲದಲ್ಲಿ ಬೆರಳ ಸಂದು ಬಿರಿಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಸೊಂಟ ಹಿಡಿಯುತ್ತದೆ. ಗಾಜಕ್ಕ ಎಂಬ ಹೆಸರು ಎಷ್ಟು ಗಟ್ಟಿಯಾಗಿದೆಯೆಂದರೆ, ರಜೆ ಅರ್ಜಿಯ ಕೆಳಗಿನ ಸಹಿ ನೋಡಿ ಆಫೀಸಿನ ಗುಮಾಸ್ತರು, "ಇದ್ಯಾರಪ್ಪ ಹೊಸಬ್ರು?" ಎಂದು ತಲೆ ಕೆರೆದುಕೊಂಡಿದ್ದಾರೆ.

ಅವರ ಹಗೆ ಒಂದೇ, ಲೋಳೆ. ನೀರು ನಿಲ್ಲುವ ಕಡೆಯೆಲ್ಲ ಸೂಕ್ಷ್ಮಾಣುಗಳು ಗುಂಪು ಕಟ್ಟಿಕೊಂಡು, ಮೈಮೇಲೆ ಅಂಟಿನ ಹೊದಿಕೆ ಎಳೆದುಕೊಂಡು ಕೂರುತ್ತವೆ. ಒಂಟಿಯಾಗಿದ್ದಾಗ ಔಷಧಕ್ಕೆ ಬಗ್ಗುವ ಸೂಕ್ಷ್ಮಾಣು ಆ ಹೊದಿಕೆಯೊಳಗೆ ಸೇರಿತೆಂದರೆ ಸುಲಭಕ್ಕೆ ಜಗ್ಗುವುದಿಲ್ಲ. ಮೇಲಿನ ಮಹಡಿಯ ವಿಜ್ಞಾನಿ ಮೇಡಂ ಆರು ವರ್ಷದಿಂದ ಇದರ ಬೆನ್ನು ಬಿದ್ದಿದ್ದಾರೆ. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳಿಗೂ ಜಾಗದ ಜಗಳ ತಪ್ಪಿದ್ದಲ್ಲವಲ್ಲ. ಪಕ್ಕದವರು ಗುಂಪು ಕಟ್ಟದಂತೆ ತಡೆಯುವ ರಸವನ್ನು ಅವುಗಳಲ್ಲಿ ಯಾವುದಾದರೂ ಒಂದು ಸ್ರವಿಸುತ್ತಿರಬೇಕು ಎಂಬುದು ಅವರ ನಂಬಿಕೆ. ಅದಕ್ಕಾಗಿ ಕಂಡಕಂಡವರಿಂದ ಒಂದೊಂದು ಚಮಚ ಮಣ್ಣು ತರಿಸಿದರು. ನೂರ ಹನ್ನೆರಡು ಪೊಟ್ಟಣ ಸೇರಿದವು.

ಆ ರಸ ಸಿಕ್ಕ ಕಥೆಯನ್ನು ಹೇಳುವಾಗ ಗಾಜಕ್ಕನಿಗೆ ಇವತ್ತಿಗೂ ಅರ್ಧ ನಾಚಿಕೆ, ಅರ್ಧ ಹೆಮ್ಮೆ. ಮಣ್ಣಿನ ರಸ ಬೆರೆಸಿದ ನಳಿಕೆಗಳಲ್ಲಿ ಲೋಳೆಯ ಸೂಕ್ಷ್ಮಾಣುಗಳನ್ನು ಬೆಳೆಸಿ, ಅಳೆದು, ಕೆಳಗೆ ಕಳಿಸಿದ್ದರು. ಯಂತ್ರದ ಲೆಕ್ಕದಲ್ಲಿ ಒಂದೂ ತೇರ್ಗಡೆಯಾಗಿರಲಿಲ್ಲ. ತೊಳೆಯಲು ನಿಂತ ಗಾಜಕ್ಕನ ಬೆರಳಿಗೆ ಒಂದು ನಳಿಕೆ ಮಾತ್ರ ಜಾರಲಿಲ್ಲ. ನೀರು ಮಬ್ಬಾಗಿತ್ತು, ಒಳಗೆ ಸೂಕ್ಷ್ಮಾಣುಗಳಿದ್ದವು ನಿಜ. ಗಾಜಿಗೆ ಮಾತ್ರ ಏನೂ ಅಂಟಿಲ್ಲ. "ಅರೆ, ಅಂದ್ಕೊಂಡೆ. ಅಂದ್ಕೊಳ್ತಾನೇ ಕೈ ತೊಳೆದೂ ಬಿಟ್ಟಿತ್ತು. ಅಭ್ಯಾಸಬಲ ನೋಡಿ!"

ನಳಿಕೆಯ ಮೇಲಿನ ಚೀಟಿಯೂ ಕಿತ್ತುಬಂದಿತ್ತು. ಆದರೆ ಚೀಟಿಗಳು ಮೋರಿ ಕಟ್ಟುತ್ತವೆಂದು ಗಾಜಕ್ಕ ಅವನ್ನು ಕಿತ್ತ ಸಾಲಿನಲ್ಲೇ ಗೋಡೆಯ ಟೈಲ್ಸಿಗೆ ಅಂಟಿಸುತ್ತಾ ಹೋಗುತ್ತಾರೆ. ಕೊನೆಯ ಚೀಟಿಯನ್ನು ಒದ್ದೆ ಕೈಯಲ್ಲೇ ಕಿತ್ತುಕೊಂಡು ಮೂರು ಮಹಡಿ ಹತ್ತಿದರು. ಅರವತ್ತೇಳನೇ ಪೊಟ್ಟಣ. ವಾಚ್‌ಮನ್ ಮನೆಯ ಹೂಕುಂಡದ ಮಣ್ಣು.

"ನೀರಲ್ಲಿ ಎಷ್ಟು ಬೆಳೆದಿದೆ ಅಂತ ನೋಡಿದ್ವೇ ಹೊರತು ಗೋಡೆ ನೋಡಲೇ ಇಲ್ಲ" ಎನ್ನುತ್ತಾರೆ ಮೇಡಂ. ಗಾಜಕ್ಕನ ವಿವರಣೆ ಇನ್ನೂ ಸಲೀಸು: "ಈ ರಸ ಯಾರನ್ನೂ ಕೊಲ್ಲಲ್ಲ. ಬಸ್ಸಲ್ಲಿ ಸೀಟು ಹಿಡಿಯೋಕೆ ಬಿಡಲ್ಲ, ಅಷ್ಟೇ. ನಿಂತೂ ನಿಂತೂ ಸಾಕಾಗಿ ಇಳ್ಕೊಂಡು ಹೋಗ್ತವೆ."

ಲೋಳೆಯ ಮೇಲೆ ಈ ಪರಿ ಹಗೆ ಬರೀ ಕೆಲಸದ್ದಲ್ಲ. ಮನೆಯಲ್ಲಿ ಎಂಬತ್ತೊಂದು ವರ್ಷದ ಅತ್ತೆ ಹಾಸಿಗೆ ಹಿಡಿದು ಮೂರು ವರ್ಷ. ಮೂತ್ರಕ್ಕೆ ಟ್ಯೂಬು ಹಾಕಿದ್ದಾರೆ. ಎರಡು ಮೂರು ವಾರಕ್ಕೊಮ್ಮೆ ಅದರೊಳಗೆ ಲೋಳೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಜ್ವರ, ನಡುಕ, ಆಸ್ಪತ್ರೆ. ನರ್ಸ್ ತೆಗೆದ ಹಳೆಯ ಟ್ಯೂಬನ್ನು ಗಾಜಕ್ಕ ಪ್ರತಿಸಲ ತಿರುಗಿಸಿ ನೋಡುತ್ತಾರೆ. ಮಧ್ಯದಲ್ಲಿ ಏನೂ ಇರುವುದಿಲ್ಲ. ತುದಿಯ ಸಣ್ಣ ಕಿಂಡಿಯ ಅಂಚಿನಲ್ಲಿ ಮಾತ್ರ ಬೆಳ್ಳಗೆ, ಮರಳುಮರಳಾಗಿ ಕಚ್ಚಿಕೊಂಡಿರುತ್ತದೆ. ಕಳೆದ ಸಲ ವೈದ್ಯರು, ಇಂಥ ಜ್ವರ ಇನ್ನೆಷ್ಟು ತಡೆದಾರೋ ಎಂದು ಗಾಜಕ್ಕನನ್ನು ಪಕ್ಕಕ್ಕೆ ಕರೆದು ಹೇಳಿದ್ದಾರೆ.

ಅತ್ತೆಗೆ ಅದು ಗೊತ್ತಿಲ್ಲವೆಂದಲ್ಲ. "ಏ ಹುಡುಗಿ, ನಿನ್ನ ಹೂಕುಂಡದ ಔಷಧಿ ಎಲ್ಲಿಗೆ ಬಂತೇ?" ಎಂದು ದಿನಾ ಕೇಳುತ್ತಾರೆ. ಹುಡುಗಿಗೆ ಐವತ್ತಾರು.

ಮೇಡಂ ಆ ರಸವನ್ನು ಈಗ ಇಂಥದೇ ಟ್ಯೂಬುಗಳಿಗೆ ಲೇಪಿಸಿ ನೋಡುತ್ತಿದ್ದಾರೆ. ಮೂವತ್ತು ದಿನ ಸೂಕ್ಷ್ಮಾಣು ತುಂಬಿದ ನೀರು ಹರಿಸುವುದು, ಆಮೇಲೆ ನೇರಳೆ ಬಣ್ಣ ಹಾಕುವುದು. ಲೋಳೆ ಇದ್ದಲ್ಲಿ ಬಣ್ಣ ಹಿಡಿಯುತ್ತದೆ. ಮೊದಲ ಮೂರೂ ಸುತ್ತಿನಲ್ಲಿ ಟ್ಯೂಬು ಬೆಳ್ಳಗೇ ಉಳಿದಿತ್ತು. ನಾಲ್ಕನೆಯದೂ ಹಾಗೇ ಬಂದರೆ ಮುಂದಿನ ತಿಂಗಳು ಆಸ್ಪತ್ರೆಯವರು ಮಾತುಕತೆಗೆ ಬರುವವರಿದ್ದರು. ರೋಗಿಗಳ ಮೇಲೆ ಪರೀಕ್ಷೆ ಶುರುವಾದರೆ ಅತ್ತೆಯ ಹೆಸರನ್ನೂ ಕೇಳಿ ನೋಡುವುದಾಗಿ ಮೇಡಂ ಅಂದಿದ್ದಾರೆ.

ಮೊನ್ನೆ ಮಂಗಳವಾರ ನಾಲ್ಕನೇ ಸುತ್ತು ಮುಗಿಯಿತು. ಅಳತೆಗೆ ನಡುವಿನ ತುಂಡು ಮಾತ್ರ ಸಾಕು. ನೀರಿನ ಕೊಳವೆಗೆ ಜೋಡಿಸಲು ಕ್ಲಿಪ್ಪು ಹಾಕಿದ ಎರಡೂ ತುದಿಗಳು ಹಬೆ ಕಂಡು ಕಸದ ಚೀಲಕ್ಕೆ ಹೋಗಲು ಕೆಳಗೆ ಬರುತ್ತವೆ. ಇಷ್ಟು ದಿನ ಅವನ್ನು ಇಕ್ಕಳದಲ್ಲಿ ಎತ್ತಿ ಚೀಲಕ್ಕೆ ಹಾಕುತ್ತಿದ್ದ ಗಾಜಕ್ಕ ಮೊನ್ನೆ ಯಾಕೋ ಒಂದನ್ನು ಬೆರಳಲ್ಲಿ ಹಿಡಿದರು. ಜಾರಿತು.

ಇನ್ನೊಂದು. ಅದೂ ಜಾರಿತು.

"ಅದು ಕ್ಲಿಪ್ಪಿನ ಜಾಗ ಅಕ್ಕ, ಲೆಕ್ಕಕ್ಕೆ ಬರಲ್ಲ" ಎಂದರು, ಕರೆದದ್ದಕ್ಕೆ ಕೆಳಗಿಳಿದು ಬಂದ ಮೇಡಂ. ಆರು ವರ್ಷದ ದಣಿವಿತ್ತು ಆ ದನಿಯಲ್ಲಿ. "ನಡುವಿನ ತುಂಡು ನೋಡಿ, ಹೇಗೆ ಬೆಳ್ಳಗಿದೆ!"

"ನಿಮ್ಮ ಲೆಕ್ಕ ನಂಗೊತ್ತಿಲ್ಲ ಮೇಡಂ. ನಮ್ಮತ್ತೆಗೆ ಕಟ್ಟೋದು ತುದೀಲೇ."

ಮೇಡಂ ಬಣ್ಣದ ಬಾಟಲಿ ತಂದರು. ತೊಳೆಯುವ ತೊಟ್ಟಿಯ ಕಟ್ಟೆಯ ಮೇಲೇ ಆ ತುದಿಗೆ ಎರಡು ಹನಿ ಬಿಟ್ಟು, ನೀರು ಹಾಯಿಸಿದರು. ಅಂಚಿನಲ್ಲಿ ಬಳೆಯಂತೆ ನೇರಳೆ ಗೆರೆ ನಿಂತಿತು.

"ಈ ಸುತ್ತಿನ ಲೇಪದಲ್ಲೇ ಎಲ್ಲೋ ಎಡವಟ್ಟಾಗಿದೆ" ಎಂದರು ಮೇಡಂ. "ಇದೊಂದನ್ನ ಮತ್ತೆ ಮಾಡೋಣ. ಎರಡು ತಿಂಗಳು ತಡ ಆಗುತ್ತೆ. ಮೂರು ಸುತ್ತು ಕೈಯಲ್ಲಿವೆಯಲ್ಲ, ಪರವಾಗಿಲ್ಲ." ಬಾಗಿಲವರೆಗೆ ಹೋದವರು ತಿರುಗಿ, "ಬೇರೆ ಯಾರಾದ್ರೂ ಆಗಿದ್ರೆ ಚೀಲಕ್ಕೆ ಹಾಕಿ ಸುಮ್ಮನಿರ್ತಿದ್ರು" ಎಂದರು.

"ನಾನೂ ಸುಮ್ಮನಿರಬಹುದಿತ್ತು, ಈ ಬೆರಳು ಬಿಡಬೇಕಲ್ಲ" ಎಂದರು ಗಾಜಕ್ಕ.

ಇವತ್ತು ಸಂಜೆ, ಮನೆಯ ಒಂದೇ ಕೋಣೆಯಲ್ಲಿ, ಅತ್ತೆಯ ಮಂಚದ ಅಂಚಿನಲ್ಲಿ ಕೂತು ಗಾಜಕ್ಕ ಸೇಬು ಹೆಚ್ಚುತ್ತಿದ್ದಾರೆ. ಹಲ್ಲಿಲ್ಲದ ಬಾಯಿಗೆ ತೆಳ್ಳಗೆ, ಎಲೆಯಷ್ಟು ತೆಳ್ಳಗೆ ಬೇಕು. ಅತ್ತೆ ಮೆಲ್ಲುತ್ತಾ, "ಎರಡು ತಿಂಗಳು ತಾನೇ? ತಡ್ಕೋತೀನಿ ಬಿಡು. ನಿನ್ನ ಗಂಡನ್ನ ಹತ್ತು ತಿಂಗಳು ಹೊತ್ತಿಲ್ವಾ, ಅದೂ ತಡ ಮಾಡ್ಕೊಂಡೇ ಬಂದ" ಎನ್ನುತ್ತಾರೆ. ಗಾಜಕ್ಕ ಜೋರಾಗಿ ನಗುತ್ತಾರೆ.

ನಗುತ್ತಿದ್ದಂತೆ ಕೈ ನಿಲ್ಲುತ್ತದೆ. ತಟ್ಟೆಯಲ್ಲಿ ಉಳಿದ ಅರ್ಧ ಸೇಬು ಹೊರಗೆಲ್ಲ ನುಣ್ಣಗೆ ಹೊಳೆಯುತ್ತಿದೆ. ಕೊಯ್ದ ಮುಖಕ್ಕೆ ಮಾತ್ರ ಸಿಪ್ಪೆಯಿಲ್ಲ, ಆಗಲೇ ಕಂದು ತಿರುಗಿದೆ. ಮೇಲಿನ ಮಹಡಿಯಲ್ಲಿ ಉದ್ದನೆಯ ಟ್ಯೂಬಿಗೆ ಮೊದಲು ರಸ ಲೇಪಿಸುತ್ತಾರೆ, ಆಮೇಲೆ ತುಂಡು ಮಾಡುತ್ತಾರೆ. ಕೊಯ್ದ ಅಂಚು ಬರಿದು, ಲೋಳೆ ಕಚ್ಚುವುದು ಅಲ್ಲೇ. ಅದು ಈ ಸುತ್ತಿನ ಎಡವಟ್ಟಲ್ಲ. ನಾಲ್ಕೂ ಸುತ್ತಿನಲ್ಲಿ ಹಾಗೇ ಮಾಡಿದ್ದು.

ಮೂರನೇ ಸುತ್ತಿನ ತುದಿಗಳ ಚೀಲ, ಬಾಯಿ ಕಟ್ಟಿದ್ದು, ಇನ್ನೂ ಕಸದ ಕೋಣೆಯಲ್ಲೇ ಇದೆ. ಆ ಅಂಚುಗಳನ್ನು ಯಾರೂ ಮುಟ್ಟಿ ನೋಡಿಲ್ಲ. ಅವೂ ಜಾರಿದರೆ ಮೂರು ಸುತ್ತೂ ಹೋದಂತೆ. ಎರಡು ತಿಂಗಳಲ್ಲ, ಒಂದು ವರ್ಷ, ಇನ್ನೂ ಹೆಚ್ಚೇ. ಮೂರು ತಿಂಗಳಿಗೊಮ್ಮೆ ಚೀಲ ಒಯ್ಯುವ ಲಾರಿ ನಾಳೆ ಬೆಳಗ್ಗೆ ಆರಕ್ಕೆ ಬರುತ್ತದೆ. ಬಂದು ಹೋದರೆ ಕೇಳುವವರಿಲ್ಲ.

ಅತ್ತೆ ಬಾಯಿ ತೆರೆದು ಕಾಯುತ್ತಿದ್ದಾರೆ. ಗಾಜಕ್ಕ ಇನ್ನೊಂದು ತೆಳು ಹೋಳನ್ನು ಅವರ ನಾಲಗೆಯ ಮೇಲಿಟ್ಟು, ಸೆರಗಿನ ತುದಿಯಿಂದ ಗಲ್ಲ ಒರೆಸುತ್ತಾರೆ. ಆಮೇಲೆ ಕೈ ಚಾಚಿ ಗಡಿಯಾರ ತೆಗೆದುಕೊಂಡು, ಐದಕ್ಕಿದ್ದ ಅಲಾರಂ ಮುಳ್ಳನ್ನು ನಾಲ್ಕಕ್ಕೆ ತಿರುಗಿಸುತ್ತಾರೆ.

"ಯಾಕೇ ಹುಡುಗಿ, ನಾಳೆ ಅಷ್ಟು ಬೇಗ?"

"ಏನಿಲ್ಲ ಅತ್ತೆ. ತೊಳೆಯೋದು ಸ್ವಲ್ಪ ಜಾಸ್ತಿ ಇದೆ."