ಸಮ ಬಾರದ ಲೆಕ್ಕ

ಜಯಲಕ್ಷ್ಮಿಪುರಂನಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಏಕಾಂತಯ್ಯನವರು ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರ ಮೇಲೆ ಇವತ್ತಿಗೂ ರೇಗುತ್ತಾರೆ. ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಇಪ್ಪತ್ತು ವರ್ಷ ಜೀವಶಾಸ್ತ್ರದ ಪ್ರಶ್ನೆಪತ್ರಿಕೆ ಟೈಪು ಮಾಡಿ ಮಾಡಿ, ಡಿಎನ್‌ಎಯ ನಾಲ್ಕು ಪ್ರತ್ಯಾಮ್ಲಗಳ ಶೇಕಡಾ ಲೆಕ್ಕ ಅವರಿಗೆ ಬಾಯಿಪಾಠ: ಎ ಎಷ್ಟೋ ಟಿ ಅಷ್ಟೇ, ಜಿ ಎಷ್ಟೋ ಸಿ ಅಷ್ಟೇ, ಎಲ್ಲ ಕೂಡಿದರೆ ನೂರು.

ಮೊನ್ನೆ ಉಪನ್ಯಾಸಕಿ ರಂಜನಿ ಕಳಿಸಿದ ಪ್ರಶ್ನೆಯಲ್ಲಿ ಎ ೨೪, ಟಿ ೩೧, ಜಿ ೨೩, ಸಿ ೨೨ ಎಂದಿತ್ತು. ಏಕಾಂತಯ್ಯನವರು ಗೊಣಗುತ್ತಾ ಟಿಯನ್ನೂ ೨೪ ಮಾಡಿ, ಉಳಿದದ್ದನ್ನು ಜಿ, ಸಿಗಳಿಗೆ ಸಮನಾಗಿ ಹಂಚಿ, ಸ್ಪೀಕರ್ ಹಾಕಿ ಫೋನ್ ಮಾಡಿದರು.

“ಮೇಡಂ, ನಿಮ್ಮ ತಪ್ಪು ತಿದ್ಬುಟ್ಟೆ. ಜೋಡಿ ಸಮ ಬರ್ತಿರ್ಲಿಲ್ಲ.”

“ಅಯ್ಯೋ, ತಿದ್ಬೇಡಿ! ಅದೊಂದು ವೈರಸ್ಸಿನದು. ಸಾಮಾನ್ಯವಾಗಿ ಡಿಎನ್‌ಎಗೆ ಎರಡು ಎಳೆ, ಇದರದಕ್ಕೆ ಇರೋದೇ ಒಂದು ಎಳೆ. ಜೋಡೀನೇ ಇಲ್ಲ, ಸಮ ಎಲ್ಲಿಂದ ಬರ್ಬೇಕು?”

“ಜೋಡಿ ಇಲ್ದೆ ನಡೆಯುತ್ತಾ?”

“ಚೆನ್ನಾಗೇ ನಡೆಯುತ್ತೆ.”

ಅವರು ಫೋನಿಟ್ಟು ಹಳೆಯ ಅಂಕೆಗಳನ್ನು ಒಂದೊಂದಾಗಿ ಮತ್ತೆ ಕೂರಿಸಿದರು. ಬಾಯಲ್ಲೇ ಕೂಡಿದರು, ಇನ್ನೊಮ್ಮೆ ಕೂಡಿದರು. ಜೆರಾಕ್ಸಿಗೆ ಕಾದು ನಿಂತಿದ್ದ ನನ್ನ ಕಡೆ ತಿರುಗಿದಾಗ ಆ ಮುಖದಲ್ಲಿ ಎಂದಿನ ಸಿಡುಕಿರಲಿಲ್ಲ.

“ಒಂಟಿ ಎಳೆ ಕಣ್ರೀ,” ಎಂದರು, ದನಿ ತಗ್ಗಿಸಿ. “ಆದ್ರೂ ನೂರಕ್ಕೆ ನೂರು ಬರುತ್ತೆ!”