ಅಪ್ಪ ಮಾಡಿದ ಕ್ಷೌರದ ಕತ್ತಿ

ಮಕ್ಕಳೇ, ನಾನು ಚಿಕ್ಕವಳಿದ್ದಾಗ ಹುಲ್ಲಹಳ್ಳಿಯಲ್ಲಿ ನಮ್ಮದೊಂದು ಕುಲುಮೆಯಿತ್ತು. ಅಪ್ಪ ಕುಡುಗೋಲು, ಮಚ್ಚು ಬಡಿಯುತ್ತಿದ್ದರು. ಅಂಗಡಿಗಳಿಗೆ ಕಾರ್ಖಾನೆಯ ಕುಡುಗೋಲು ಬಂದ ಮೇಲೆ ನಮ್ಮಲ್ಲಿಗೆ ಬರುವವರು ಕಡಿಮೆಯಾದರು. ಆಗ ಅಪ್ಪನಿಗೆ ಕ್ಷೌರದ ಕತ್ತಿ ಮಾಡುವ ಯೋಚನೆ ಬಂತು. ನಂಜನಗೂಡಿನಲ್ಲಿ ದಿನವೂ ಜನ ಮುಡಿ ಕೊಡುತ್ತಾರೆ, ಕತ್ತಿ ಬೇಕೇ ಬೇಕಲ್ಲ ಎಂದುಕೊಂಡರು.

ಕಬ್ಬಿಣ ಉಜ್ಜಿ ಸವೆದ ಅರಗಳನ್ನು ಕಾಯಿಸಿ, ತೆಳ್ಳಗೆ ಬಡಿದು, ಎಣ್ಣೆಯಲ್ಲಿ ಅದ್ದುವಾಗ ಮನೆ ತುಂಬ ಕಮಟು ಹೊಗೆ. ಮೊದಮೊದಲು ಮಾಡಿದವೆಲ್ಲ ಬಿರುಕು ಬಿಟ್ಟವು. ಹರಿತ ನೋಡಿ ನೋಡಿ ಅಪ್ಪನ ಎಡಗೈಯಲ್ಲಿ ಕೂದಲೇ ಉಳಿದಿರಲಿಲ್ಲ. ಅಂತೂ ಮನಸ್ಸಿಗೆ ಒಪ್ಪುವಂಥ ಕೆಲವು ಕತ್ತಿಗಳಾದವು. ಅಕ್ಕ ಅವುಗಳಿಗೆ ಕೊಬ್ಬರಿ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿದಳು. ಅಪ್ಪ, ಅಕ್ಕ, ನಾನು ಮೂವರೂ ನಂಜನಗೂಡಿಗೆ ಬೆಳಗಿನ ಬಸ್ಸು ಹತ್ತಿದೆವು.

ಕಪಿಲೆಯ ದಡದಲ್ಲಿ ಒದ್ದೆ ಕೂದಲಿನ ವಾಸನೆ, ಬೋಳು ತಲೆಗೆ ಹಚ್ಚಿದ ಗಂಧದ ಘಮ, ಮಕ್ಕಳ ಅಳು. ಮುಡಿ ತೆಗೆಯುತ್ತಿದ್ದ ಹಿರಿಯರೊಬ್ಬರು ನಮ್ಮ ಕತ್ತಿಯನ್ನು ಬಿಸಿಲಿಗೆ ಹಿಡಿದು ನೋಡಿದರು.

"ಒಸ ಕತ್ತಿ ಕಣಪ್ಪ. ಯಾರ್ ತಲೆ ಮ್ಯಾಲೆ ನೋಡ್ಲಿ? ರಕ್ತ ಬಂದ್ರೆ ದೇವ್ರಿಗೆ ಬಂದೋರು ಸುಮ್ನಿದ್ದಾರಾ?"

"ನನ್ ತಲೆ ಮ್ಯಾಲೇ ನೋಡಣ್ಣ" ಎಂದು ಅಪ್ಪ ಅವರ ಮುಂದೆ ಕುಳಿತೇಬಿಟ್ಟರು.

ಕತ್ತಿ ಎಲ್ಲೂ ತಡೆಯಲಿಲ್ಲ. ಅಪ್ಪನ ದಟ್ಟ ಗುಂಗುರು ಕೂದಲು ಕಲ್ಲಿನ ಮೇಲೆ ಬಿತ್ತು. ಒಂದು ಹನಿ ರಕ್ತವೂ ಬರಲಿಲ್ಲ. ಅಕ್ಕ ನನ್ನ ಕೈ ಅದುಮಿದಳು. ನಾವು ಗೆದ್ದೆವು ಎಂದುಕೊಂಡೆ.

ಹಿರಿಯರು ಕತ್ತಿ ತೊಳೆದು, ಒರೆಸಿ, ಅಪ್ಪನ ಕೈಗೇ ಕೊಟ್ಟರು.

"ಚೆನ್ನಾಗದೆ, ಸುಳ್ಳು ಏಳಬಾರ್ದು. ಆದ್ರೆ ನಮ್ಮಪ್ಪನ ಕತ್ತಿನೇ ಇನ್ನೂ ಸವ್ದಿಲ್ಲ. ನನ್ ಮಗ ಬ್ಲೇಡ್ ಸಿಗ್ಸೋದು ತಂದವ್ನೆ, ಮಸ್ಯೋ ಕೆಲ್ಸಾನೇ ಇಲ್ಲ. ಇದ್ನ ಯಾರ್ಗೆ ಅಂತ ಮಾಡ್ದೆ?"

"ನರಸೀಪುರದಲ್ಲಿ ತಗೊಂಡಾರಾ?" ಎಂದು ಅಪ್ಪ ಕೇಳಿದರು.

"ಅಲ್ಲಿ ಮುಡಿ ತೆಗ್ಯೋನು ನಮ್ ಭಾವ. ಅವ್ನೂ ಇದೇ ಅಂತಾನೆ. ಸುಮ್ನೆ ಬಸ್ಸಿಗೆ ದುಡ್ಡು ಯಾಕ್ ಆಕ್ತೀಯ?"

ಅಪ್ಪ ತಲೆಗೆ ಟವೆಲ್ ಸುತ್ತಿಕೊಂಡು ಎದ್ದರು. ಊರಲ್ಲಿ ಬಸ್ಸಿಳಿಯುವಾಗ ಅದು ಜಾರಿತು. ನೆರೆಮನೆಯವರು ಬೋಳು ತಲೆ ನೋಡಿ, "ಯಾರಣ್ಣ ಓಗ್ಬುಟ್ಟೋರು?" ಎಂದು ಮೆಲ್ಲಗೆ ಕೇಳಿದರು. ಅಪ್ಪ ಟವೆಲನ್ನು ಮತ್ತೆ ಬಿಗಿದು ಮನೆಯ ಕಡೆ ನಡೆದರು. ಕೂದಲು ಮತ್ತೆ ಬೆಳೆಯುವ ಹೊತ್ತಿಗೆ ಅವರು ಕಬ್ಬು ಕಡಿಯುವ ಕೂಲಿಗೆ ಹೋಗುತ್ತಿದ್ದರು. ಕುಲುಮೆಗೆ ಗಾಳಿ ಊದುತ್ತಿದ್ದ ತೊಗಲಿನ ತಿದಿಯನ್ನು ಇಲಿ ಕಡಿಯಿತು.

ಮೊನ್ನೆ ನಿಮ್ಮ ತಂಗಿಯ ಮುಡಿ ತೆಗೆದವರು ಹೊಸ ಬ್ಲೇಡ್ ಮುರಿದು ಹಾಕಿಕೊಂಡರು, ಕೆಲಸ ಮುಗಿದ ಮೇಲೆ ಎಸೆದರು. ಅದೇ ಒಳ್ಳೆಯದು ಬಿಡಿ, ಮಕ್ಕಳ ತಲೆಗೆ ನಂಜಾಗುವುದಿಲ್ಲ. ನೀವು ಬೇಕಾದ್ದನ್ನು ಫೋನಿನಲ್ಲೇ ತರಿಸುತ್ತೀರಿ, ಹಿಡಿಸದಿದ್ದರೆ ಹಿಂದಕ್ಕೆ ಕಳಿಸುತ್ತೀರಿ. ಅದನ್ನು ಮಾಡಿದವರ ಮುಖ ಆಗ ಹೇಗಾಗುತ್ತದೆ ಎಂಬುದು ನಿಮಗೆ ಕಾಣುವುದಿಲ್ಲ. ಆವತ್ತು ಬಸ್ಸಿನಲ್ಲಿ ನಾನು ಆ ಮುಖದ ಪಕ್ಕದಲ್ಲೇ ಕುಳಿತಿದ್ದೆ.